ಹಲ್ಲು, ವಸಡು ಮತ್ತು ಮೈಯ ಸೌಖ್ಯ

ಹೇಮಗಿರಿ ಜಾತ್ರೆಗೋ, ಬೇಬಿ ಬೆಟ್ಟದ ಜಾತ್ರೆಗೋ ಎತ್ತು ಕೊಳ್ಳಲು ಹೋದಾಗ ನೀವು ಮೊದಲು ಮಾಡುವ ಕೆಲಸ ಯಾವುದು? ಮೂಗುದಾರ ಹಿಡಿದು, ತುಟಿ ಸರಿಸಿ, ಬಾಯಿ ನೋಡುತ್ತೀರಿ. ಎರಡಲ್ಲೋ, ನಾಲ್ಕಲ್ಲೋ, ಬಾಯಿಗೂಡಿದೆಯೋ ಅಂತ ಎಣಿಸಿದ ಮೇಲೇ ಟವಲಿನ ಮರೆಯಲ್ಲಿ ಬೆಲೆಯ ಮಾತು. ಹಲ್ಲು ಹೋದ ಎತ್ತು ಮೇವು ಮೆಲ್ಲಲಾರದು, ಮೆಲ್ಲಲಾರದ್ದು ನೊಗಕ್ಕೆ ಬಾರದು ಎಂಬುದನ್ನು ನಿಮಗೆ ನಾನು ಹೇಳಿಕೊಡಬೇಕಾಗಿಲ್ಲ. ಆದರೆ ನಮ್ಮ ಬಾಯನ್ನು, ನಮ್ಮ ಮಕ್ಕಳ ಬಾಯನ್ನು ಹೀಗೆ ಬೆಳಕಿಗೆ ಹಿಡಿದು ನೋಡುವುದು ಯಾವಾಗ? ನೋವು ಬಂದಾಗ ಮಾತ್ರ. ಒಂದು ಲವಂಗ ಒತ್ತಿಕೊಳ್ಳುತ್ತೇವೆ, ನೋವು ಇಳಿದರೆ ಮರೆತುಬಿಡುತ್ತೇವೆ.

ನಮ್ಮದು ಕಬ್ಬಿನ ಸೀಮೆ. ಕನ್ನಂಬಾಡಿ ಕಟ್ಟೆ ಏಳುವುದಕ್ಕೆ ಬಹಳ ಮೊದಲೇ, ೧೮೪೭ರಲ್ಲಿ, ಶ್ರೀರಂಗಪಟ್ಟಣದ ಪಕ್ಕದ ಪಾಲಹಳ್ಳಿಯಲ್ಲಿ ಅಷ್ಟಗ್ರಾಮ ಸಕ್ಕರೆ ಕಾರ್ಖಾನೆ ಹುಟ್ಟಿತು. ರೈತರ ಬೆಲ್ಲವನ್ನು ಕೊಂಡು ಸಕ್ಕರೆ ಮಾಡುತ್ತಿದ್ದರು. ೧೮೫೧ರ ಲಂಡನ್ ಪ್ರದರ್ಶನದಲ್ಲಿ ಆ ಸಕ್ಕರೆಗೆ ಪದಕವೂ ಬಂತು. ಆಮೇಲೆ ೧೯೩೩ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಬಂತು. ಸಿಹಿ ನಮಗೆ ಅನ್ನ ಕೊಟ್ಟಿದೆ, ಅದನ್ನು ಬೈಯಲು ನಾನು ಬಂದಿಲ್ಲ. ಅದು ಬಾಯೊಳಗೆ ಮಾಡುವ ಕೆಲಸ ಮಾತ್ರ ನಮಗೆ ತಿಳಿದಿರಬೇಕು.

ಹಲ್ಲಿನ ಸಂದಿಯಲ್ಲಿ ಅಂಟಂಟಾದ ಒಂದು ಪೊರೆ ಕಟ್ಟುತ್ತದೆ, ಉಗುರಿನಲ್ಲಿ ಕೆರೆದರೆ ಬರುತ್ತದೆ. ಅದರ ತುಂಬ ಕಣ್ಣಿಗೆ ಕಾಣದ ಕ್ರಿಮಿಗಳು. ನಾವು ಸಿಹಿ ತಿಂದಾಗ ಅವೂ ತಿನ್ನುತ್ತವೆ, ತಿಂದು ಹುಳಿ ಬಿಡುತ್ತವೆ. ಆ ಹುಳಿ ಅರ್ಧ ಗಂಟೆಯಷ್ಟು ಹೊತ್ತು ಹಲ್ಲಿನ ಮೇಲುಕವಚವನ್ನು ಕರಗಿಸುತ್ತದೆ. ಸಕ್ಕರೆಯಾದರೂ ಅಷ್ಟೆ, ಆಲೆಮನೆಯ ಬಿಸಿ ಬೆಲ್ಲವಾದರೂ ಅಷ್ಟೆ. ಬೆಲ್ಲ ಹಲ್ಲಿಗೆ ಒಳ್ಳೇದು ಅನ್ನೋ ಮಾತು ಸುಳ್ಳು. ಎಷ್ಟು ತಿಂದಿರಿ ಎನ್ನುವುದಕ್ಕಿಂತ ಎಷ್ಟು ಸಲ ತಿಂದಿರಿ ಎನ್ನುವುದೇ ಇಲ್ಲಿ ದೊಡ್ಡ ಲೆಕ್ಕ. ಊಟದ ಜೊತೆ ಒಂದು ಹೋಳಿಗೆ ತಿಂದರೆ ಹಲ್ಲಿಗೆ ಒಂದೇ ಪೆಟ್ಟು. ಮಗು ದಿನವಿಡೀ ಬೆಲ್ಲದ ಚೂರು ಚೀಪುತ್ತಿದ್ದರೆ ಪೆಟ್ಟಿಗೆ ಬಿಡುವೇ ಇಲ್ಲ.

ತಾಯಂದಿರು ಇದೊಂದನ್ನು ನೆನಪಿಟ್ಟುಕೊಳ್ಳಿ. ಆರನೆಯ ವಯಸ್ಸಿನ ಹೊತ್ತಿಗೆ ಹಾಲುಹಲ್ಲುಗಳ ಸಾಲಿನ ಹಿಂದೆ ಒಂದು ದವಡೆ ಹಲ್ಲು ಸದ್ದಿಲ್ಲದೆ ಹುಟ್ಟುತ್ತದೆ. ಯಾವ ಹಲ್ಲೂ ಬಿದ್ದು ಅದಕ್ಕೆ ಜಾಗ ಕೊಡುವುದಿಲ್ಲವಾದ್ದರಿಂದ ಅದನ್ನೂ ಹಾಲುಹಲ್ಲೆಂದೇ ತಿಳಿಯುತ್ತಾರೆ. ‘ಬೀಳೋ ಹಲ್ಲು ತಾನೇ’ ಅಂತ ಬಿಟ್ಟರೆ ಅದು ಹುಳುಕಾಗುತ್ತದೆ. ಅದು ಸಾಯುವ ತನಕ ಇರಬೇಕಾದ ಹಲ್ಲು. ಹೋದರೆ ಇನ್ನೊಂದು ಬಾರದು.

ಇನ್ನು ವಸಡಿನ ವಿಷಯ. ಹಲ್ಲುಜ್ಜುವಾಗ ರಕ್ತ ಬರುವುದನ್ನು ನಮ್ಮಲ್ಲಿ ಬಹಳ ಮಂದಿ ‘ಉಷ್ಣ’ ಎಂದು ತಳ್ಳಿಹಾಕುತ್ತಾರೆ. ಅದು ಉಷ್ಣವಲ್ಲ. ವಸಡಿನ ಅಂಚಿನಲ್ಲಿ ಕೊಳೆ ಕೂತು ಗಾರೆಯಂತೆ ಗಟ್ಟಿಯಾಗಿ, ವಸಡು ಹಲ್ಲಿನಿಂದ ಬಿಟ್ಟುಕೊಳ್ಳುತ್ತಿದೆ ಎಂದು ಅರ್ಥ. ಗದ್ದೆಯ ಬದುವಿನಲ್ಲಿ ಏಡಿ ಬಿಲ ತೋಡುತ್ತದಲ್ಲ, ಹಾಗೆ. ಮೇಲೆ ನೋಡಿದರೆ ಬದು ಚೆನ್ನಾಗಿಯೇ ಇದೆ, ಒಳಗೇ ನೀರು ಸೋರಿಹೋಗುತ್ತಿದೆ. ನೋವಿಲ್ಲದ್ದರಿಂದ ಯಾರೂ ಗಮನಿಸುವುದಿಲ್ಲ. ಹಲ್ಲು ಅಲುಗಾಡಿದಾಗ ಎಚ್ಚರ, ಆಗ ಹೊತ್ತು ಮೀರಿರುತ್ತದೆ.

ಈ ಕೀವು ಬಾಯಲ್ಲೇ ನಿಲ್ಲುವುದಿಲ್ಲ. ಅಗಿದಾಗಲೆಲ್ಲ ಆ ಕ್ರಿಮಿಗಳು ಅಷ್ಟಿಷ್ಟು ರಕ್ತಕ್ಕೆ ಇಳಿಯುತ್ತವೆ. ಮೈ ಅದರ ಜೊತೆ ಹಗಲೂ ರಾತ್ರಿ ಹೋರಾಡುತ್ತಿರುತ್ತದೆ. ಸಕ್ಕರೆ ಕಾಯಿಲೆ ಇರುವವರಿಗಂತೂ ಇದು ಎರಡು ಕಡೆಯ ಹೊಡೆತ. ರಕ್ತದ ಸಕ್ಕರೆ ಏರಿದರೆ ವಸಡು ಬೇಗ ಕೆಡುತ್ತದೆ, ವಸಡು ಕೆಟ್ಟರೆ ಸಕ್ಕರೆ ಹತೋಟಿಗೆ ಬಾರದು. ಮಾತ್ರೆ ತಪ್ಪಿಸಿಲ್ಲ, ಅನ್ನ ಕಡಿಮೆ ಮಾಡಿದ್ದೇನೆ, ಆದರೂ ಇಳಿಯುತ್ತಿಲ್ಲ ಎನ್ನುವವರು ಒಮ್ಮೆ ವಸಡನ್ನು ತೋರಿಸಿಕೊಳ್ಳಿ. ವಸಡಿಗೆ ಸರಿಯಾದ ಚಿಕಿತ್ಸೆಯಾದ ಮೇಲೆ ರಕ್ತದ ಸಕ್ಕರೆಯ ಸರಾಸರಿ ಸ್ವಲ್ಪ ಇಳಿಯುವುದನ್ನು ವೈದ್ಯರು ಪರೀಕ್ಷೆ ಮಾಡಿ ಕಂಡಿದ್ದಾರೆ. ಹೃದಯದ ಕವಾಟದ ತೊಂದರೆ ಇರುವವರು ಹಲ್ಲು ಕೀಳಿಸುವ ಮೊದಲು ಅದನ್ನು ಡಾಕ್ಟರಿಗೆ ಹೇಳಲೇಬೇಕು. ಬಸುರಿಯರಿಗೆ ವಸಡು ಊದಿ ರಕ್ತ ಬರುವುದು ಹೆಚ್ಚು. ಆಗ ಉಜ್ಜುವುದನ್ನು ಬಿಡಬಾರದು.

ನಮ್ಮ ಕಡೆಯ ಇನ್ನೊಂದು ಸಮಾಧಾನದ ಮಾತು: ‘ಮುದ್ದೆ ನುಂಗೋಕೆ ಹಲ್ಲು ಯಾಕೆ?’ ಹೌದು, ಮುದ್ದೆಗೆ ಹಲ್ಲು ಬೇಡ. ಆದರೆ ಅವರೆಕಾಳಿಗೆ ಬೇಕು, ಸೊಪ್ಪಿಗೆ ಬೇಕು, ಕಡಲೆಕಾಯಿಗೆ ಬೇಕು, ಬಾಡಿಗೆ ಬೇಕು. ಹಲ್ಲಿಲ್ಲದ ಅಜ್ಜ ಅಜ್ಜಿ ಇವನ್ನೆಲ್ಲ ಒಂದೊಂದಾಗಿ ತಟ್ಟೆಯಿಂದ ಬದಿಗಿಡುತ್ತಾರೆ. ಕೊನೆಗೆ ಮುದ್ದೆ, ತಿಳಿ ಸಾರು ಇಷ್ಟೇ ಉಳಿಯುತ್ತದೆ. ಮೈ ಸೊರಗುವುದನ್ನು ಕಂಡು ನಾವು ‘ವಯಸ್ಸಾಯ್ತು’ ಅನ್ನುತ್ತೇವೆ. ವಯಸ್ಸಿನ ತಪ್ಪು ಅದರಲ್ಲಿ ಅರ್ಧವೂ ಇಲ್ಲ.

ಹಾಗಾದರೆ ಮಾಡಬೇಕಾದ್ದೇನು? ಇದ್ದಿಲು, ಇಟ್ಟಿಗೆ ಪುಡಿ, ಮರಳು, ಬೂದಿ ಇವನ್ನು ಬಿಡಿ. ಬೆಳ್ಳಗಾಗುವುದು ನಿಜ, ಜೊತೆಗೆ ಹಲ್ಲೂ ಸವೆಯುವುದು ನಿಜ. ಬೇವಿನ ಕಡ್ಡಿ, ಹೊಂಗೆ ಕಡ್ಡಿ ಕೆಟ್ಟದ್ದಲ್ಲ. ತುದಿಯನ್ನು ಮೆತ್ತಗೆ ಜಗಿದು, ಮುಂದಿನ ನಾಲ್ಕು ಹಲ್ಲಿಗೆ ನಿಲ್ಲಿಸದೆ ದವಡೆಯ ಒಳಮಗ್ಗುಲಿಗೂ ಆಡಿಸಬೇಕು. ಮೆತ್ತನೆಯ ಬ್ರಷ್ಷಾದರೆ ಇನ್ನೂ ಅನುಕೂಲ. ಬೆಳಗಿನದಕ್ಕಿಂತ ರಾತ್ರಿ ಮಲಗುವ ಮುಂಚಿನ ಉಜ್ಜುವಿಕೆ ಮುಖ್ಯ, ಏಕೆಂದರೆ ನಿದ್ದೆಯಲ್ಲಿ ಜೊಲ್ಲು ಕಡಿಮೆ, ಕ್ರಿಮಿಗೆ ಸುಗ್ಗಿ. ಮನೆಯಲ್ಲಿ ಒಬ್ಬೊಬ್ಬರಿಗೆ ಒಂದೊಂದು ಬ್ರಷ್ಷಿರಲಿ. ಸಣ್ಣ ಮಕ್ಕಳಿಗೆ ಪೇಸ್ಟು ಬಟಾಣಿಯಷ್ಟು ಸಾಕು, ಮೂರು ವರ್ಷದೊಳಗಿನವರಿಗೆ ಅಕ್ಕಿಕಾಳಿನಷ್ಟು.

ಕಡ್ಡಿಪುಡಿ, ಹೊಗೆಸೊಪ್ಪು, ಗುಟ್ಕಾ ಇವು ಬಾಯಿಗೆ ಹಾಕುವ ಬೆಂಕಿ. ಬರಿಯ ಅಡಿಕೆಯೂ ಬಾಯಿ ಹುಣ್ಣಿನ ಕ್ಯಾನ್ಸರಿಗೆ ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ ೨೦೦೪ರಲ್ಲಿ ಪ್ರಕಟಿಸಿದೆ. ಬಾಯಲ್ಲಿ ಬಿಳಿ ಅಥವಾ ಕೆಂಪು ಮಚ್ಚೆ, ಎರಡು ವಾರವಾದರೂ ಮಾಯದ ಹುಣ್ಣು, ಬಾಯಿ ಮೊದಲಿನಷ್ಟು ತೆರೆಯಲಾಗದಿರುವುದು, ಇವುಗಳಲ್ಲಿ ಒಂದಿದ್ದರೂ ತಡಮಾಡದೆ ಹೊರಡಿ. ನೋವಿಲ್ಲ ಅಂತ ಕೂರಬೇಡಿ, ಮೊದಮೊದಲು ನೋವಿರುವುದಿಲ್ಲ.

ನಾಗಮಂಗಲ, ಕೆ.ಆರ್. ಪೇಟೆಯ ಒಣಭೂಮಿಯ ಕಡೆ ಆಳದ ಕೊಳವೆ ಬಾವಿಯ ನೀರು ಕುಡಿಯುವವರಿಗೆ ಒಂದು ಮಾತು. ಮಕ್ಕಳ ಹಲ್ಲಿನಲ್ಲಿ ಸುಣ್ಣದಂಥ ಗೆರೆ, ಕಂದು ಕಲೆ ಕಂಡರೆ ಉಜ್ಜಿಲ್ಲವೆಂದು ಹೊಡೆಯಬೇಡಿ. ನೀರಿನಲ್ಲಿ ಫ್ಲೋರೈಡು ಹೆಚ್ಚಿದ್ದರೂ ಹೀಗಾಗುತ್ತದೆ. ಲೀಟರಿಗೆ ಒಂದೂವರೆ ಮಿಲಿಗ್ರಾಂ ಮೀರಿದ ನೀರು ಕುಡಿಯಲು ತಕ್ಕದ್ದಲ್ಲ. ಕುದಿಸಿದರೆ ಅದು ಹೋಗುವುದಿಲ್ಲ. ಪಂಚಾಯಿತಿಯವರನ್ನು ಕೇಳಿ ನೀರಿನ ಪರೀಕ್ಷೆ ಮಾಡಿಸಿ.

ತೋರಿಸಿಕೊಳ್ಳಲು ದೂರ ಹೋಗಬೇಕಾಗಿಲ್ಲ, ತಾಲ್ಲೂಕು ಆಸ್ಪತ್ರೆಯಲ್ಲಿ ದಂತವೈದ್ಯರನ್ನು ವಿಚಾರಿಸಿ. ಹಲ್ಲೆಲ್ಲ ಹೋದ ಬಡ ಹಿರಿಯರಿಗೆ ಪುಕ್ಕಟೆ ಹಲ್ಲುಸೆಟ್ಟು ಕೊಡಲು ಸರಕಾರ ‘ದಂತಭಾಗ್ಯ’ ಎಂಬ ಯೋಜನೆ ತಂದಿತ್ತು. ಈಗ ಯಾರಿಗೆ, ಎಲ್ಲಿ ಸಿಗುತ್ತದೆಂದು ಅಲ್ಲೇ ಕೇಳಿಕೊಳ್ಳಿ. ಸೆಟ್ಟು ಹಾಕಿಸಿಕೊಂಡವರು ರಾತ್ರಿ ಅದನ್ನು ತೆಗೆದು, ತೊಳೆದು, ತಣ್ಣೀರಿನಲ್ಲಿ ಇಡಬೇಕು. ಬಿಸಿನೀರು ಬೇಡ, ಸೊಟ್ಟಗಾಗುತ್ತದೆ.