ಮರದ ಪೆನ್ನು ಮತ್ತು ನಮ್ಮ ಸಂಘ

(ಸಂಘದ ಬೆಳ್ಳಿಹಬ್ಬದ ಸಮಾರಂಭದಲ್ಲಿ ಸದಸ್ಯ ಕುಶಲಕರ್ಮಿಯೊಬ್ಬರು ಮಾಡಿದ ಭಾಷಣದ ಪೂರ್ಣಪಾಠ)



ನನಗೆ ಭಾಷಣ ಮಾಡಿ ಅಭ್ಯಾಸವಿಲ್ಲ. ಮೂವತ್ತು ವರ್ಷದಿಂದ ಲೇತಿನ ಮುಂದೆ ಕೂತವನು ನಾನು. ಅಲ್ಲಿ ಮಾತಾಡಿದರೆ ಬಾಯೊಳಗೆ ಮರದ ಪುಡಿ ಹೋಗುತ್ತೆ, ಅದಕ್ಕೇ ಮಾತು ಕಡಿಮೆ. ಕಾರ್ಯದರ್ಶಿಗಳು ಮನೆಗೆ ಬಂದು, "ಬೆಳ್ಳಿಹಬ್ಬದಲ್ಲಿ ಎಲ್ಲರೂ ರೇಷ್ಮೆ, ರಾಗಿ, ತೆಂಗು ಅಂತ ಮಾತಾಡ್ತಾರೆ. ನೀವು ನಿಮ್ಮ ಪೆನ್ನಿನ ಬಗ್ಗೆ ಹೇಳಿ" ಅಂದರು. ಒಪ್ಪಿಕೊಂಡೆ. ಒಪ್ಪಿಕೊಂಡಿದ್ದಕ್ಕೆ ನನ್ನದೂ ಒಂದು ಸ್ವಾರ್ಥವಿದೆ. ಅದನ್ನು ಕೊನೆಯಲ್ಲಿ ಹೇಳ್ತೀನಿ.

ನಮ್ಮ ಚನ್ನಪಟ್ಟಣ ಸೀಮೆಯ ಅರಗಿನ ಬಣ್ಣದ ಮರದ ಸಾಮಾನು ಲೋಕಕ್ಕೆಲ್ಲ ಗೊತ್ತು. 2005-06ನೇ ಸಾಲಿನಲ್ಲಿ ಚನ್ನಪಟ್ಟಣದ ಆಟಿಕೆಗಳಿಗೆ ಭೌಗೋಳಿಕ ಗುರುತು ಸಿಕ್ಕಿತು. ಬೊಂಬೆ, ಬುಗುರಿ, ಕುಂಕುಮದ ಭರಣಿ ಮಾಡುವ ಅದೇ ಲೇತಿನಲ್ಲಿ, ಅದೇ ಆಲೆ ಮರದಲ್ಲಿ ನಾವು ಕೆಲವರು ಪೆನ್ನು ಮಾಡುತ್ತೇವೆ. ಬೊಂಬೆ ಕೊಂಡ ಮಗು ಎರಡು ವರ್ಷದಲ್ಲಿ ದೊಡ್ಡದಾಗುತ್ತೆ. ಪೆನ್ನಿಗೆ ಹಾಗಿಲ್ಲ. ಶಾಲೆಯ ಹುಡುಗನಿಂದ ಹಿಡಿದು ಬ್ಯಾಂಕಿನ ಮ್ಯಾನೇಜರ್‌ವರೆಗೆ ಎಲ್ಲರ ಜೇಬಿಗೂ ಬೇಕು.

ಸಣ್ಣ ಊರಿನಲ್ಲಿ ಪೆನ್ನು ಮಾಡಿ ಬದುಕೋಕಾಗುತ್ತಾ ಅಂತ ಕೆಲವರು ಕೇಳ್ತಾರೆ. ಆಂಧ್ರದ ರಾಜಮಹೇಂದ್ರವರದಲ್ಲಿ ಕೆ.ವಿ. ರತ್ನಂ ಎಂಬುವರು ಸ್ವದೇಶಿ ಚಳವಳಿಯ ಕಾಲದಲ್ಲಿ ಕೈಯಲ್ಲೇ ಎಬೊನೈಟ್ ಪೆನ್ನು ತಯಾರಿಸಿದರು. ಒಂದನ್ನು ಗಾಂಧೀಜಿಯವರಿಗೆ ಕಳಿಸಿದಾಗ ಅವರು 1935ರಲ್ಲಿ ಪತ್ರ ಬರೆದು ಮೆಚ್ಚಿಕೊಂಡರು. ಅದು ಮರದ ಪೆನ್ನಲ್ಲ, ನಿಜ. ಆದರೆ ದೊಡ್ಡ ಕಾರ್ಖಾನೆ ಇಲ್ಲದೆ, ಒಂದು ಲೇತು ಮತ್ತು ಒಂದು ಜೊತೆ ಕೈಯಿಂದ ಆದ ಕೆಲಸ ಅದು.

ಈಗ ಪೆನ್ನು ಹೇಗೆ ಆಗುತ್ತೆ ಅಂತ ಹೇಳ್ತೀನಿ. ಬೇಸಾಯದವರಿಗೆ ಇದು ಬೇಗ ಅರ್ಥವಾಗುತ್ತೆ.

ಆಲೆ ಮರ ಬಿಳಿ ಬಣ್ಣದ್ದು, ಎಳೆ ಸಣ್ಣ, ಉಳಿಗೆ ಒಗ್ಗುತ್ತೆ. ತೊಗಟೆ ತೆಗೆದು, ತುಂಡು ಮಾಡಿ, ತುದಿಗೆ ಮೇಣ ಬಳಿದು ನೆರಳಲ್ಲಿ ಒಟ್ಟಬೇಕು. ಸಾಲಿಗೂ ಸಾಲಿಗೂ ನಡುವೆ ರೀಪು ಇಟ್ಟು ಗಾಳಿ ಆಡುವ ಹಾಗೆ ಮಾಡಬೇಕು. ಬಿಸಿಲಿಗೆ ಹಾಕಿದರೆ ತುದಿ ಬೇಗ ಒಣಗಿ, ಒಳಗೆ ಹಸಿ ಉಳಿದು, ಸೀಳುತ್ತೆ. ಪೆನ್ನಿನಂಥ ಸಣ್ಣ ತುಂಡಿಗೂ ಎರಡು ಮೂರು ತಿಂಗಳು ಬೇಕೇ ಬೇಕು. ಮಳೆಗಾಲವಾದರೆ ಇನ್ನೂ ಹೆಚ್ಚು.

ಒಣಗಿದ ತುಂಡನ್ನು ಲೇತಿಗೆ ಕಟ್ಟಿ ಉರುಟು ಮಾಡಿ, ನಡುವೆ ರಂಧ್ರ ಕೊರೆಯಬೇಕು. ಆತುರ ಮಾಡಿದರೆ ಡ್ರಿಲ್ಲು ಎಳೆಯ ದಾರಿ ಹಿಡಿದು ಪಕ್ಕಕ್ಕೆ ಹೋಗುತ್ತೆ. ಸ್ವಲ್ಪ ಕೊರೆಯೋದು, ಹೊರಗೆ ತೆಗೆದು ಪುಡಿ ಕೊಡವೋದು, ಮತ್ತೆ ಕೊರೆಯೋದು. ಸಾದಾ ಪೆನ್ನಿಗೆ ರೀಫಿಲ್ಲು ಹಿಡಿಯುವಷ್ಟು ರಂಧ್ರ ಸಾಕು. ಬೆಲೆ ಬಾಳುವ ತಿರುಗಿಸುವ ಪೆನ್ನಿಗೆ 7 ಮಿಲಿಮೀಟರಿನ ಹಿತ್ತಾಳೆ ಕೊಳವೆಯನ್ನು ಮರದೊಳಗೆ ಅಂಟಿಸಿ, ಎರಡೂ ತುದಿ ಸಮ ಮಾಡಿ, ಸರಳಿಗೆ ಪೋಣಿಸಿ ಕಡೆಯಬೇಕು. ಆಮೇಲೆ ಒರಟು ಕಾಗದದಿಂದ ನಯ ಕಾಗದದವರೆಗೆ ಉಜ್ಜೋದು.

ಕೊನೆಗೆ ಅರಗು. ಮುತ್ತುಗ, ಎಲಚಿ ಮುಂತಾದ ಮರಗಳ ಮೇಲೆ ಒಂದು ಸಣ್ಣ ಹುಳು ಸುರಿಸುವ ಅಂಟೇ ಅರಗು. ಅದಕ್ಕೆ ಬಣ್ಣ ಕಲಸಿ ಕಡ್ಡಿ ಮಾಡಿಕೊಂಡಿರುತ್ತೇವೆ. ತಿರುಗುವ ಮರಕ್ಕೆ ಆ ಕಡ್ಡಿ ಒತ್ತಿ ಹಿಡಿದರೆ ಉಜ್ಜಿದ ಶಾಖಕ್ಕೇ ಕರಗಿ ಹತ್ತಿಕೊಳ್ಳುತ್ತೆ. ಮೇಲೆ ಒಣಗಿದ ಕೇದಗೆ ಗರಿ ಒತ್ತಿದರೆ ಕನ್ನಡಿಯಂಥ ಹೊಳಪು. ಬ್ರಷ್ಷಿಲ್ಲ, ಒಣಗಲು ಕಾಯಬೇಕಿಲ್ಲ. ಅಜ್ಜಂದಿರ ಕಾಲದ ಈ ವಿದ್ಯೆಗೆ ನಾನು ಇವತ್ತೂ ಕೈಮುಗೀತೀನಿ.

ಇಷ್ಟೆಲ್ಲ ಗೊತ್ತಿದ್ದೂ ನಾನು ಒಂದು ತಪ್ಪು ಮಾಡಿದೆ. ಅದನ್ನು ನಿಮ್ಮೆಲ್ಲರ ಮುಂದೆ ಹೇಳಲೇಬೇಕು.

ಕೆಲವು ವರ್ಷಗಳ ಹಿಂದೆ ಬೆಂಗಳೂರಿನ ಒಂದು ಕಚೇರಿಯಿಂದ 500 ಪೆನ್ನಿಗೆ ಬೇಡಿಕೆ ಬಂತು. ಅವರ ಸಮಾರಂಭದಲ್ಲಿ ಅತಿಥಿಗಳಿಗೆ ಕೊಡೋದಕ್ಕೆ. ನನ್ನ ಜೀವಮಾನದಲ್ಲೇ ಅಷ್ಟು ದೊಡ್ಡ ಬೇಡಿಕೆ ಬಂದಿರಲಿಲ್ಲ. ಕೈಯಲ್ಲಿ ಒಣಗಿದ ಮರ 100 ಪೆನ್ನಿಗೆ ಆಗುವಷ್ಟಿತ್ತು. ಉಳಿದದ್ದಕ್ಕೆ ಆಗ ತಾನೇ ಬಂದ ಹಸಿ ಮರ. ಶ್ರಾವಣದ ಮಳೆ ಬೇರೆ. "ಕಡೆದರೆ ಗೊತ್ತಾಗಲ್ಲ, ಅರಗು ಹಚ್ಚಿದರೆ ಯಾರಿಗೆ ಕಾಣುತ್ತೆ" ಅಂದುಕೊಂಡೆ. ನನ್ನ ಮಗಳು, "ಅಪ್ಪಾ, ಬೇಡ, ಎರಡು ತಿಂಗಳು ಸಮಯ ಕೇಳು" ಅಂದಳು. ನಾನು ಕೇಳಲಿಲ್ಲ.

ಪೆನ್ನು ಹೋದವು. ದುಡ್ಡೂ ಬಂತು. ಒಂದು ತಿಂಗಳಿಗೆ ಫೋನೂ ಬಂತು. ಆ ಕಚೇರಿಯಲ್ಲಿ ಹವಾನಿಯಂತ್ರಣ. ಅಲ್ಲಿನ ಒಣಗಾಳಿಗೆ ಮರದೊಳಗಿನ ನೀರು ಹೊರಟಿತು. ಮರ ಒಣಗುವಾಗ ಉದ್ದಕ್ಕೆ ಕುಗ್ಗಲ್ಲ, ಅಡ್ಡಕ್ಕೆ ಕುಗ್ಗುತ್ತೆ. ಅದೂ ಎಲ್ಲ ಕಡೆ ಒಂದೇ ಸಮ ಅಲ್ಲ. ದುಂಡಗಿದ್ದ ರಂಧ್ರ ಮೊಟ್ಟೆಯಾಕಾರಕ್ಕೆ ಬಂತು. ಕೆಲವು ಮುಚ್ಚಳ ಹಾಕಿದರೆ ತೆಗೆಯೋಕಾಗಲಿಲ್ಲ. ಹಿತ್ತಾಳೆ ಕೊಳವೆ ಹಾಕಿದ ಪೆನ್ನುಗಳದ್ದು ಇನ್ನೂ ಕೆಟ್ಟ ಕಥೆ. ಮರ ಕುಗ್ಗುತ್ತೆ, ಹಿತ್ತಾಳೆ ಕುಗ್ಗಲ್ಲ. ಮರ ಏನು ಮಾಡಬೇಕು? ಸೀಳಿತು. ಎರಡು ರಟ್ಟಿನ ಪೆಟ್ಟಿಗೆಯಲ್ಲಿ ಪೆನ್ನುಗಳು ವಾಪಸ್ ಬಂದವು. ಒಳಗೆ ಒಂದು ಚೀಟಿಯೂ ಇರಲಿಲ್ಲ. ಬೈದು ಬರೆದಿದ್ದರೂ ಸಮಾಧಾನ ಆಗ್ತಿತ್ತು.

ದುಡ್ಡನ್ನು ಕಂತಿನಲ್ಲಿ ತೀರಿಸಿದೆ. ಮಗಳು ಅದೇ ವರ್ಷ ಗಾರ್ಮೆಂಟ್ಸಿಗೆ ಸೇರಿಕೊಂಡಳು. ನನಗಿಂತ ಚೆನ್ನಾಗಿ ಅರಗು ಹಿಡಿಯುವ ಕೈ ಅವಳದು. "ಅಲ್ಲಿ ತಿಂಗಳ ಸಂಬಳ ತಿಂಗಳಿಗೆ ಬರುತ್ತೆ ಅಪ್ಪಾ" ಅಂದಳು. ಅವಳ ಮಾತಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಇವತ್ತಿಗೂ ಪೂರ್ತಿ ಉತ್ತರ ಸಿಕ್ಕಿಲ್ಲ.

ಆದರೆ ಯೋಚನೆ ಮಾಡಿದೆ. ನಾನು ಹಸಿ ಮರ ಕಡೆದದ್ದು ದುರಾಸೆಯಿಂದ ಅಂತ ಮೊದಲು ಅಂದುಕೊಂಡಿದ್ದೆ. ಅರ್ಧ ಅದೂ ನಿಜ. ಉಳಿದರ್ಧ ಏನು ಅಂದರೆ, ಮೂರು ತಿಂಗಳು ಮರವನ್ನು ಸುಮ್ಮನೆ ಒಟ್ಟಿ ಕೂರಲು ನಮ್ಮಂಥವರ ಕೈಯಲ್ಲಿ ದುಡ್ಡಿರಲ್ಲ. ಮರ ತರಲು ದಲ್ಲಾಳಿ ಹತ್ತಿರ ಮುಂಗಡ ತಗೊಳ್ತೀವಿ. ಮುಂಗಡ ಕೊಟ್ಟವನು ಹದಿನೈದು ದಿನಕ್ಕೆ ಸಾಮಾನು ಕೇಳ್ತಾನೆ, ಬೆಲೆಯನ್ನೂ ಅವನೇ ಕಟ್ತಾನೆ. ನಾನು 18 ರೂಪಾಯಿಗೆ ಕೊಟ್ಟ ಪೆನ್ನು ನಗರದ ಅಂಗಡಿಯಲ್ಲಿ 120 ರೂಪಾಯಿಯ ಚೀಟಿ ಅಂಟಿಸಿಕೊಂಡು ಕೂತಿದ್ದನ್ನು ನಾನೇ ನೋಡಿದ್ದೇನೆ. ಅಂಗಡಿಯವನನ್ನು ದೂರಲ್ಲ. ಅವನಿಗೂ ಬಾಡಿಗೆ, ಕರೆಂಟು, ಮಾರಾಟವಾಗದೆ ಉಳಿದ ಮಾಲಿನ ನಷ್ಟ ಎಲ್ಲ ಇದೆ. ಆದರೆ ಮುಂಗಡಕ್ಕೆ ಕಟ್ಟುಬಿದ್ದವನು ಚೌಕಾಸಿ ಮಾಡಲಾರ, ಮರ ಒಣಗಿಸಲೂ ಆರ. ಬೆಲೆ ಕಮ್ಮಿ ಇರೋದಕ್ಕೂ ಪೆನ್ನು ಸೀಳೋದಕ್ಕೂ ಬೇರು ಒಂದೇ.

ಮಾರಾಟದ ಬಗ್ಗೆ ಇನ್ನೆರಡು ಮಾತು. ನಮ್ಮ ಹುಡುಗರು ನೆನಪಿಡಬೇಕು.

ಒಂದು, ಜನ ಪೆನ್ನನ್ನು ಬಣ್ಣ ನೋಡಿ ಕೊಳ್ತಾರೆ, ಬರೆದರೆ ಮಾತ್ರ ಇಟ್ಕೊಳ್ತಾರೆ. ಅದಕ್ಕೆ ಯಾವ ಊರಿನ ಪೆಟ್ಟಿಗೆ ಅಂಗಡಿಯಲ್ಲೂ ಸಿಗುವ ರೀಫಿಲ್ಲಿಗೇ ರಂಧ್ರದ ಅಳತೆ ಇಡಿ. ರೀಫಿಲ್ಲು ಮುಗಿದ ದಿನ ಪೆನ್ನು ಕಸವಾಗಬಾರದು. ಪ್ರತಿ ಪೆನ್ನಿನಲ್ಲೂ ಎರಡು ಸಾಲು ಬರೆದು ನೋಡದೆ ಕಳಿಸಬೇಡಿ.

ಎರಡು, ಅರಗಿನ ಗುಣ ಗಿರಾಕಿಗೆ ಹೇಳಿ. ಅರಗು ಸ್ಪಿರಿಟ್ಟಿಗೆ ಕರಗುತ್ತೆ. 2020ರಲ್ಲಿ ಕೊರೊನಾ ಬಂದು ಎಲ್ಲರೂ ಕೈಗೆ ಸ್ಯಾನಿಟೈಸರ್ ಹಚ್ಚಲು ಶುರು ಮಾಡಿದಾಗ, "ನಿಮ್ಮ ಪೆನ್ನು ಅಂಟಂಟು, ಬಣ್ಣ ಕೈಗೆ ಹತ್ತುತ್ತೆ" ಅಂತ ದೂರು ಬಂತು. ನಮಗೇ ಮೊದಲು ತಿಳಿಯಲಿಲ್ಲ. ಆಮೇಲೆ ಒಂದು ಸಣ್ಣ ಚೀಟಿ ಅಚ್ಚು ಹಾಕಿಸಿದೆ. ಸ್ಪಿರಿಟ್ಟು, ಸ್ಯಾನಿಟೈಸರ್ ತಾಗಿಸಬೇಡಿ, ಬಿಸಿಲಲ್ಲಿ ನಿಲ್ಲಿಸಿದ ಕಾರಿನಲ್ಲಿ ಬಿಡಬೇಡಿ, ಒಣ ಬಟ್ಟೆಯಲ್ಲಿ ಒರೆಸಿ. ಅಷ್ಟೇ. ದೂರು ಕಡಿಮೆಯಾಯಿತು. ಮುಂಚೇನೇ ಹೇಳಿದರೆ ಅದು ಗುಣ, ಆಮೇಲೆ ಹೇಳಿದರೆ ನೆಪ.

ಈಗ ನನ್ನ ಸ್ವಾರ್ಥದ ಮಾತಿಗೆ ಬರ್ತೀನಿ.

1905ರಲ್ಲಿ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದರು ಅಂತ ಈ ವೇದಿಕೆಯಲ್ಲಿ ಬೆಳಿಗ್ಗೆಯಿಂದ ನಾಲ್ಕು ಜನ ಹೇಳಿದ್ದಾರೆ. ಅವರು ಕಟ್ಟಿದ್ದು ಯಾತಕ್ಕೆ? ಬಿತ್ತನೆಗೂ ಕೊಯ್ಲಿಗೂ ನಡುವೆ ರೈತ ಸಾಹುಕಾರನ ಕೈಗೆ ಬೀಳಬಾರದು ಅಂತ ತಾನೇ? ನಮ್ಮ ಸಂಘ 25 ವರ್ಷದಿಂದ ಬೆಳೆ ಸಾಲ ಕೊಡ್ತಾ ಇದೆ. ರಾಗಿಗೆ ನಾಲ್ಕು ತಿಂಗಳು ಬೇಕು ಅಂದರೆ ಯಾರೂ ನಗಲ್ಲ. ಆದರೆ ಹಿಂದಿನ ಮಹಾಸಭೆಯಲ್ಲಿ ನಾನು "ಮರ ಒಣಗಲು ಮೂರು ತಿಂಗಳಿಗೆ ಸಾಲ ಬೇಕು" ಅಂದಾಗ ಹಿಂದಿನ ಸಾಲಿನಲ್ಲಿ ಕೆಲವರು ನಕ್ಕರು. "ಕಟ್ಟಿಗೆ ಒಣಗಿಸೋಕೂ ಸಾಲವಾ" ಅಂದರು. ನನಗೆ ಬೇಜಾರಿಲ್ಲ. ಅವರಿಗೆ ಸರಿಯಾಗಿ ತಿಳಿಸೋಕೆ ನನಗೆ ಬರಲಿಲ್ಲ. ಇವತ್ತು ತಿಳಿಸಿದ್ದೇನೆ ಅಂದುಕೊಂಡಿದ್ದೇನೆ. ಒಟ್ಟಿದ ಮರವೇ ನಮ್ಮ ಪೈರು, ಒಣಗಿದ ದಿನವೇ ನಮ್ಮ ಕೊಯ್ಲು.

ನಾವು ಕೇಳೋದು ಇಷ್ಟೇ. ಸಂಘದ ಹಳೇ ಗೊಬ್ಬರದ ಗೋದಾಮು ಖಾಲಿ ಇದೆ. ಅದಕ್ಕೆ ಗಾಳಿ ಆಡುವ ಕಿಟಕಿ ಇಡಿಸಿ ಮರದ ಉಗ್ರಾಣ ಮಾಡೋಣ. ಮರವನ್ನು ಒಟ್ಟಾಗಿ, ರಸೀದಿ ಮತ್ತು ಪರವಾನಗಿ ಇರುವ ಕಡೆಯಿಂದಲೇ ಕೊಳ್ಳೋಣ. ನಮ್ಮ ರಾಜ್ಯದಲ್ಲಿ 1976ರ ಮರ ಸಂರಕ್ಷಣಾ ಕಾಯ್ದೆ ಇದೆ, ಕದ್ದ ಮರದ ಪೆನ್ನು ನಮಗೆ ಬೇಡ. ಪ್ರತಿ ಒಟ್ಟಿಗೂ ತಾರೀಖು ಬರೆಯೋಣ. ಪ್ರತಿ ಒಟ್ಟಿನಿಂದ ಒಂದು ತುಂಡು ತೆಗೆದು ಸೋಮವಾರ ಸೋಮವಾರ ಸಂಘದ ತಕ್ಕಡಿಯಲ್ಲಿ ತೂಗಿ ಬರೆದಿಡೋಣ. ಮೂರು ವಾರ ತೂಕ ಇಳಿಯದೆ ಒಂದೇ ನಿಂತರೆ ಮರ ಒಣಗಿದೆ ಅಂತ ಲೆಕ್ಕ. ಇದಕ್ಕೆ ಯಾವ ದೊಡ್ಡ ಯಂತ್ರವೂ ಬೇಡ. ಒಣಗಿದ ಮರವನ್ನು ಸದಸ್ಯರು ಸಾಲದ ಮೇಲೆ ಒಯ್ದು, ಪೆನ್ನು ಮಾರಿದ ಮೇಲೆ ಕಟ್ಟಲಿ. ಪೆನ್ನಿನ ಮೇಲೆ ಮಾಡಿದವನ ಸಂಖ್ಯೆ ಇರಲಿ. ಸೀಳಿದ ಪೆನ್ನು ವಾಪಸ್ ಬಂದರೆ ಅದು ಯಾರ ಮನೆ ಬಾಗಿಲಿಗೆ ಹೋಗಬೇಕು ಅಂತ ಗೊತ್ತಾಗಲಿ.

ಕೇಂದ್ರ ಸರ್ಕಾರ 2023ರ ಸೆಪ್ಟೆಂಬರ್ 17ರಂದು ವಿಶ್ವಕರ್ಮ ಯೋಜನೆ ಶುರು ಮಾಡಿತಲ್ಲ, ಅದು ಸಾಲದೇ ಅಂತ ಕೇಳಬಹುದು. ಅದರಲ್ಲಿ 18 ಕಸುಬುಗಳಿವೆ, ಬಡಗಿಗಳೂ ಬೊಂಬೆ ಮಾಡುವವರೂ ಇದ್ದಾರೆ. ಸಲಕರಣೆಗೆ 15,000 ರೂಪಾಯಿ, ಮೊದಲ ಕಂತಿನಲ್ಲಿ 1 ಲಕ್ಷದವರೆಗೆ ಶೇಕಡಾ 5ರ ಬಡ್ಡಿಯಲ್ಲಿ ಸಾಲ ಅಂತ ಗೊತ್ತುಮಾಡಿದ್ದಾರೆ. ಅರ್ಹತೆ ಇರುವವರು ಖಂಡಿತ ಅರ್ಜಿ ಹಾಕಿ. ಆದರೆ ಅದು ಒಬ್ಬೊಬ್ಬರಿಗೆ ಸಿಗೋದು. ಉಗ್ರಾಣ ಒಬ್ಬನಿಂದ ಆಗುವ ಕೆಲಸವಲ್ಲ. ಸಂಘ ಅಂತ ಇರೋದೇ ಒಬ್ಬನಿಂದ ಆಗದ್ದಕ್ಕೆ.

ನಷ್ಟ ಆದರೆ ಯಾರು ಹೊರಬೇಕು ಅಂತ ನಿರ್ದೇಶಕರೊಬ್ಬರು ಕೇಳಿದರು. ನ್ಯಾಯವಾದ ಪ್ರಶ್ನೆ. ರೈತರ ಠೇವಣಿ ನಮ್ಮ ಪೆನ್ನಿಗಾಗಿ ಮುಳುಗಬಾರದು. ಅದಕ್ಕೇ ಲೇತಿನವರೆಲ್ಲ ಕೂತು ಮಾತಾಡಿದ್ದೇವೆ. ಮೊದಲ ವರ್ಷ ಒಂದೇ ಲೋಡು ಮರ. ನಷ್ಟವಾದರೆ ಮೊದಲು ನಮ್ಮ ಷೇರು ಹಣದಲ್ಲಿ ಮುರಿದುಕೊಳ್ಳಿ. ಲೆಕ್ಕಪರಿಶೋಧಕರು ಒಪ್ಪಿದರೆ ಮಾತ್ರ ಎರಡನೇ ಲೋಡು. ಇದನ್ನು ಬರೆದು ಕೊಟ್ಟಿದ್ದೇವೆ. ಆ ಅರ್ಜಿಯನ್ನು ನಾವು ಮಾಡಿದ ಪೆನ್ನಿನಲ್ಲೇ ಬರೆದದ್ದು.

ಇವತ್ತು ಅತಿಥಿಗಳಿಗೆ ಹಾರದ ಜೊತೆ ಕೊಟ್ಟ ಪೆನ್ನುಗಳೂ ನಮ್ಮವೇ. ಮರ ಹೋದ ಮಾಘದಲ್ಲಿ ಒಟ್ಟಿದ್ದು, ಚೆನ್ನಾಗಿ ಒಣಗಿದೆ, ಭಯ ಬೇಡ. ಅವುಗಳಿಗೆ ಅರಗು ಹಿಡಿದವಳು ನನ್ನ ಮಗಳು. ಭಾನುವಾರ ರಜೆಯಲ್ಲಿ ಬಂದು ಹಿಡಿದು ಕೊಟ್ಟು ಹೋದಳು. ವಾರಕ್ಕೊಂದು ದಿನ ಬರುವ ಕೈ ಆರು ದಿನವೂ ಇಲ್ಲೇ ಕೂರುವ ಹಾಗೆ ಆಗಬೇಕು ಅನ್ನೋದು ಒಬ್ಬ ತಂದೆಯ ಆಸೆ. ಅದು ಆಗುತ್ತೋ ಇಲ್ಲವೋ ಮುಂದಿನ ಮಹಾಸಭೆಯಲ್ಲಿ ನೀವು ಎತ್ತುವ ಕೈ ಹೇಳುತ್ತೆ.