ಆಕಾಶದ ಇಂಟರ್‌ನೆಟ್ಟಿಗೆ ಬಾಡಿಗೆ ಕಟ್ಟುವವರು ಯಾರು?

(ಹರಿಹರದಲ್ಲಿ ರೈತರ ಮುಂದೆ ಆಡಿದ ಮಾತುಗಳ ಬರಹರೂಪ)



ಬೆಂಬಲ ಬೆಲೆಗೆ ಭತ್ತ ಬಿಡಲು ಹೆಸರು ಬರೆಸೋಣ ಅಂತ ಹೋಗಿ, "ಸರ್ವರ್ ಇಲ್ಲ, ನಾಳೆ ಬರ್ರಿ" ಅನ್ನಿಸಿಕೊಂಡು ವಾಪಸು ಬಂದವರು ನಿಮ್ಮಲ್ಲಿ ಎಷ್ಟು ಮಂದಿ ಇದ್ದೀರಿ? ಕೈ ಎತ್ತುವುದು ಬೇಡ, ನನಗೆ ಗೊತ್ತು. ನಾನೂ ಎರಡು ದಿನ ಹೆಬ್ಬೆಟ್ಟು ಒತ್ತಿ ಬಂದವನೇ. ಮೂರನೇ ದಿನ ಸಾಲದ ವಾಯಿದೆ ಬಂತು. ಮನೆ ಬಾಗಿಲಿಗೆ ಬಂದ ವ್ಯಾಪಾರಿ ಹೇಳಿದ ರೇಟಿಗೆ ಚೀಲ ತೂಗಿಸಿ ಕೊಟ್ಟೆ. 2025-26ಕ್ಕೆ ಸಾಮಾನ್ಯ ಭತ್ತಕ್ಕೆ ಕ್ವಿಂಟಾಲಿಗೆ 2369 ರೂಪಾಯಿ ಅಂತ ಸರ್ಕಾರ ಗೊತ್ತುಮಾಡಿತ್ತು. ಆ ಬೆಲೆ ತಂತಿಯ ಆಚೆ ಕಡೆ ಇರುತ್ತದೆ. ತಂತಿ ಕಡಿದರೆ ಬೆಲೆಯೂ ಕಡಿಯಿತು.

ಆದ್ದರಿಂದ ಉಪಗ್ರಹದಿಂದ ನೇರವಾಗಿ ಮನೆ ಮಾಳಿಗೆಗೆ ಇಂಟರ್‌ನೆಟ್ ಅಂದರೆ ನಮ್ಮ ಕಿವಿ ನೆಟ್ಟಗಾಗುವುದು ಸಹಜ. ಆದರೆ ಎತ್ತು ಕೊಳ್ಳುವಾಗ ಹಲ್ಲು ನೋಡುತ್ತೇವಲ್ಲ, ಇದನ್ನೂ ಹಾಗೆ ನೋಡಬೇಕು.

ಆಕಾಶದಿಂದ ಹಳ್ಳಿಗೆ ಸುದ್ದಿ ಬರುವುದು ಹೊಸದೇನಲ್ಲ. 1975ರ ಆಗಸ್ಟಿನಿಂದ 1976ರ ಜುಲೈವರೆಗೆ ನಮ್ಮ ಬಿಜಾಪುರ, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳ ಹಳ್ಳಿಗಳಿಗೆ ಉಪಗ್ರಹದಿಂದ ಟೀವಿ ಬಂದಿತ್ತು. ಆರು ರಾಜ್ಯ ಸೇರಿ ಸುಮಾರು 2400 ಹಳ್ಳಿ. ಊರಿಗೊಂದು ಪೆಟ್ಟಿಗೆ, ಊರವರೆಲ್ಲ ಕೂತು ನೋಡೋದು. ಬೇಸಾಯದ ಮಾತು, ಆರೋಗ್ಯದ ಮಾತು ಕನ್ನಡದಲ್ಲೇ. ಒಳ್ಳೆಯ ಕೆಲಸವೇ. ಆದರೆ ಉಪಗ್ರಹ ಅಮೆರಿಕದ ನಾಸಾದ್ದು. ವರ್ಷ ಮುಗಿಯಿತು, ಅವರು ಅದನ್ನು ತಮ್ಮ ಕಡೆಗೆ ಸರಿಸಿಕೊಂಡರು. ಇಸಕೊಂಡ ಎತ್ತಿನ ಬೇಸಾಯ ಎಷ್ಟು ದಿನ?

ಅಂದಿನಿಂದ ನಮ್ಮವರು ಸುಮ್ಮನೆ ಕೂತಿಲ್ಲ. ಪೀಣ್ಯದ ಶೆಡ್ಡುಗಳಲ್ಲಿ ಆರ್ಯಭಟ ಕಟ್ಟಿದ ಇಸ್ರೋದವರು 5854 ಕಿಲೋ ತೂಕದ ಜಿಸ್ಯಾಟ್-11 ಕಟ್ಟಿ 2018ರ ಡಿಸೆಂಬರಿನಲ್ಲಿ ಮೇಲೆ ಕಳಿಸಿದರು. ಇಂಟರ್‌ನೆಟ್ಟಿಗಾಗಿಯೇ ಕಟ್ಟಿದ್ದು. 2024ರ ನವೆಂಬರಿನಲ್ಲಿ ಜಿಸ್ಯಾಟ್-ಎನ್2 ಹೋಯಿತು, ಸುಮಾರು 4700 ಕಿಲೋ. ಅಷ್ಟು ಭಾರ ಅಷ್ಟು ಎತ್ತರಕ್ಕೆ ಹೊರುವ ರಾಕೆಟ್ ನಮ್ಮಲ್ಲಿ ಇಲ್ಲದೆ ಎರಡನ್ನೂ ಹೊರದೇಶದವರಿಂದ ಹಾರಿಸಬೇಕಾಯಿತು. ಇವು ಸುಮಾರು 36,000 ಕಿಲೋಮೀಟರ್ ಮೇಲೆ ನಿಂತ ಹಾಗೆ ಇರುತ್ತವೆ. ಮಾತು ಹೋಗಿ ಉತ್ತರ ಬರಲು ಅರ್ಧ ಸೆಕೆಂಡು ಹಿಡಿಯುತ್ತದೆ. ಹೆಸರು ಬರೆಸುವ ಕೆಲಸಕ್ಕೆ ಅರ್ಧ ಸೆಕೆಂಡು ತಡವಾದರೆ ಏನು ಮುಳುಗಿತು, ಎರಡು ದಿನ ಕಾದವರು ನಾವು!

ಇನ್ನೊಂದು ತರಹದ್ದು ಅಮೆರಿಕದ ಸ್ಟಾರ್‌ಲಿಂಕ್. ಸುಮಾರು 550 ಕಿಲೋಮೀಟರ್ ಎತ್ತರ, ಅಂದರೆ ಇಲ್ಲಿಂದ ಮುಂಬೈ ಇರುವಷ್ಟು ದೂರವೂ ಇಲ್ಲ. ಹತ್ತಿರ ಇರುವುದರಿಂದ ವೇಗ ಜಾಸ್ತಿ. ಆದರೆ ಒಂದೊಂದೂ ಕೆಲವೇ ನಿಮಿಷದಲ್ಲಿ ತಲೆ ಮೇಲಿಂದ ದಾಟಿ ಹೋಗುತ್ತದೆ, ಅದಕ್ಕೇ ಸಾವಿರಾರು ಬೇಕು. ಒಂದರ ಆಯುಸ್ಸು ಸುಮಾರು 5 ವರ್ಷ. ಆಮೇಲೆ ಸುಟ್ಟುಹೋಗುತ್ತದೆ, ಹೊಸದು ಬಿಡಬೇಕು. ಈ ಖರ್ಚೆಲ್ಲ ತಿಂಗಳ ಬಾಡಿಗೆಯಲ್ಲೇ ಹುಟ್ಟಬೇಕಲ್ಲ? ಈ ಕಂಪನಿಗೆ 2025ರ ಜೂನಿನಲ್ಲಿ ಕೇಂದ್ರ ಸರ್ಕಾರ ಲೈಸೆನ್ಸು ಕೊಟ್ಟಿತು.

ನಾನು ವಿರೋಧಿ ಅಲ್ಲ. ಕಾಡಿನ ನಡುವೆ, ಗುಡ್ಡದ ಮೇಲೆ ಒಂಟಿ ಮನೆ ಇರುವ ಮಲೆನಾಡಿನವರಿಗೆ ಇದು ಬೇಕೇ ಬೇಕು. ನಮ್ಮದು ಬಯಲು. ದಾವಣಗೆರೆ, ಹರಿಹರದ ಪಕ್ಕದಲ್ಲೇ ಪುಣೆ-ಬೆಂಗಳೂರು ಹೆದ್ದಾರಿ. ಪಂಚಾಯಿತಿಗಳಿಗೆ ನೆಲದೊಳಗೆ ಗಾಜಿನೆಳೆ ಕೇಬಲ್ ಎಳೆಯುವ ಯೋಜನೆ 2011ರಲ್ಲೇ ಒಪ್ಪಿಗೆಯಾಯಿತು. ಜೆಸಿಬಿ ತಗುಲಿ ಅದು ಕಡಿದಾಗ ಕೂಡಿಸುವುದು ಬಿಟ್ಟು, ರೈತ ಸಾಲ ಮಾಡಿ ಮಾಳಿಗೆ ಮೇಲೆ ತಟ್ಟೆ ಇಟ್ಟುಕೊಳ್ಳಲಿ ಅಂದರೆ ಅದು ಯಾವ ನ್ಯಾಯ? ಗೊಬ್ಬರದಂಗಡಿ ಉದ್ರಿಯ ಜೊತೆಗೆ ಇದೂ ಒಂದು ಕಂತು. ಬೇಕೇ ಬೇಕಾದರೆ ಸೊಸೈಟಿಗೊಂದು ತಟ್ಟೆ ಸಾಕು, 1975ರಲ್ಲಿ ಊರಿಗೊಂದು ಪೆಟ್ಟಿಗೆ ಇದ್ದಂತೆ. ಬಾಡಿಗೆಯನ್ನು ಸರ್ಕಾರ ಕಟ್ಟಲಿ, ಆನ್‌ಲೈನ್ ಕಡ್ಡಾಯ ಮಾಡಿದವರು ಅವರೇ. ಸರ್ವರ್ ಇಲ್ಲದ ದಿನ ಪುಸ್ತಕದಲ್ಲಿ ಹೆಸರು ಬರೆದುಕೊಂಡು ಚೀಟಿ ಕೊಡಲಿ.

ಮುಂದಿನ ಗ್ರಾಮಸಭೆಗೆ ಹೋಗುವ ಮುಂಚೆ ನಿಮ್ಮ ಊರಿನ ಕೇಬಲ್ ಎಲ್ಲಿ ಕಡಿದಿದೆ, ಯಾವತ್ತಿನಿಂದ ಕಡಿದಿದೆ ಅಂತ ಒಂದು ಹಾಳೆಯಲ್ಲಿ ಬರಕೊಂಡು ಹೋಗ್ರಿ.