ಕುಶಲೋಪರಿಯೇ ಸಿದ್ಧಾಂತವಾದಾಗ



ಕಾಗದ ಬರೆಯುತ್ತಿದ್ದ ಕಾಲದಲ್ಲಿ ನಾವೆಲ್ಲ ಮೊದಲು 'ಇತ್ತ ನಾವು ಕ್ಷೇಮ, ಅತ್ತ ನಿಮ್ಮ ಕ್ಷೇಮ ತಿಳಿಸುವುದು' ಎಂದು ಗೀಚಿ, ಆಮೇಲೆ ವಿಷಯಕ್ಕೆ ಬರುತ್ತಿದ್ದೆವು. ಆ ಸಾಲನ್ನು ಹಿಡಿದುಕೊಂಡು ಯಾರೂ ಕಚೇರಿಗೆ ಹೋಗಿ ಹಕ್ಕು ಕೇಳಲಿಲ್ಲ. ಯೋಹಾನನ ಮೂರನೆಯ ಪತ್ರಿಕೆಯ ಎರಡನೆಯ ವಚನ ಇಂಥದೇ. ಗಾಯನೆಂಬ ಆಪ್ತನಿಗೆ ಎಲ್ಲವೂ ಸುಗಮವಾಗಿರಲಿ, ಮೈಗೆ ಆರೋಗ್ಯವಿರಲಿ ಎಂಬ ಹಾರೈಕೆ. ಅಲ್ಲಿನ ಗ್ರೀಕ್ ಕ್ರಿಯಾಪದದ ಬೇರಿನಲ್ಲಿರುವುದು ಹಣವಲ್ಲ, 'ಒಳ್ಳೆಯ ಹಾದಿ'.

1947ರಲ್ಲಿ ಓಕ್ಲಹೋಮದ ಯುವ ಬೋಧಕ ಓರಲ್ ರಾಬರ್ಟ್ಸ್ ಇದೇ ವಚನವನ್ನು ವಾಗ್ದಾನವೆಂದು ಓದಿಕೊಂಡರು. ಅದರ ಬೆನ್ನಿಗೇ ಹೊಸ ಬ್ಯೂಕ್ ಕಾರು ಬಂತು. ಅದನ್ನೂ ದೇವರ ಗುರುತೆಂದೇ ಎಣಿಸಿದರು. ಬಡತನ ಉಂಡು, ಹದಿಹರೆಯದಲ್ಲಿ ಕ್ಷಯದಿಂದ ಮಲಗಿದ್ದವರು ಅವರು. ನಗುವ ಮುನ್ನ ಅದನ್ನೂ ನೆನೆಯಬೇಕು. ಮುಂದೆ ಅವರಿಂದಲೇ, ಕೊಟ್ಟ ಕಾಣಿಕೆ ಬೀಜದಂತೆ ಬೆಳೆದು ಮರಳುತ್ತದೆಂಬ 'ಬೀಜ ಕಾಣಿಕೆ'ಯ ಬೋಧನೆ ಹಬ್ಬಿತು. ಬಾಯಿಂದ ಅರಿಕೆ ಮಾಡಿದ್ದು ಕೈಗೆ ಬರುತ್ತದೆ ಎಂಬ ಮಾತಿಗೆ ಇ. ಡಬ್ಲ್ಯು. ಕೆನ್ಯನ್ ಮೊದಲೇ ನೆಲ ಹದಮಾಡಿದ್ದರು; ಕೆನೆತ್ ಹೇಗಿನ್ 1974ರಲ್ಲಿ ಅದಕ್ಕೊಂದು ಶಾಲೆಯನ್ನೇ ತೆರೆದರು.

ಕ್ರೈಸ್ತ ಸಿದ್ಧಾಂತದಲ್ಲಿ ಸಮೃದ್ಧಿಗೆ ಜಾಗವೇ ಇಲ್ಲವೆಂದು ನಾನು ಹೇಳಲಾರೆ. ಇದೆ, ಸೃಷ್ಟಿ ಮತ್ತು ದೈವಪಾಲನೆಯ ಅಧ್ಯಾಯದಲ್ಲಿ. ಸೆಪ್ಟೆಂಬರ್ 8ರ ಮೊಂತಿ ಹಬ್ಬದಂದು ನಮ್ಮ ಕರಾವಳಿಯ ಕ್ಯಾಥೊಲಿಕರು ಹೊಸ ತೆನೆಯನ್ನು ಇಗರ್ಜಿಯಲ್ಲಿ ಆಶೀರ್ವಾದ ಮಾಡಿಸಿ ಮನೆಗೆ ತರುತ್ತಾರಲ್ಲ, ಅಲ್ಲಿ ಅದು ತನ್ನ ಸ್ಥಾನದಲ್ಲಿದೆ. ತೆನೆ ಬಂದ ಮೇಲೆ ಸ್ತೋತ್ರ. ಸಮೃದ್ಧಿಯನ್ನೇ ಸಾರುವ ಈ ಬೋಧಕರು ಅದನ್ನು ಅಲ್ಲಿಂದ ಕಿತ್ತು ಶಿಲುಬೆಯ ಬುಡದಲ್ಲಿ ನೆಟ್ಟರು. ಪಾಪಕ್ಷಮೆಯಂತೆ ಆರೋಗ್ಯವನ್ನೂ ಐಶ್ವರ್ಯವನ್ನೂ ಕ್ರಿಸ್ತನು ಕ್ರಯಕ್ಕೆ ಕೊಂಡಿಟ್ಟಿದ್ದಾನೆ, ವಿಶ್ವಾಸಿ ಕೇಳಿ ಪಡೆಯುವುದೊಂದೇ ಬಾಕಿ ಎಂದರು. ಗಲಾತ್ಯದವರಿಗೆ ಬರೆಯುವಾಗ ಪೌಲನು ಅಬ್ರಹಾಮನ ಆಶೀರ್ವಾದವನ್ನು ಪವಿತ್ರಾತ್ಮನ ವರದೊಂದಿಗೆ ಜೋಡಿಸಿದ್ದು ಇಲ್ಲಿ ಮರೆಯಾಗುತ್ತದೆ. ಮಾರ್ಕನ ಸುವಾರ್ತೆಯ ನೂರುಪಟ್ಟು ಫಲದ ಮಾತಂತೂ ಎಲ್ಲರ ಬಾಯಲ್ಲಿದೆ. ಅದೇ ವಾಕ್ಯದಲ್ಲಿ ಹಿಂಸೆಯೂ ಸಿಗುತ್ತದೆಂದು ಯೇಸು ಸೇರಿಸಿದ್ದನ್ನು ಮಾತ್ರ ಯಾರೂ 'ಕ್ಲೇಮ್' ಮಾಡುವುದಿಲ್ಲ.

ಈ ಸ್ಥಾನಪಲ್ಲಟದ ಪೆಟ್ಟು ಬೀಳುವುದು ಹಾಸಿಗೆ ಹಿಡಿದವನಿಗೆ. ಗುಣವಾಗುವುದು ಶಿಲುಬೆಯಲ್ಲೇ ತೀರ್ಮಾನವಾಗಿದ್ದರೆ, ಗುಣವಾಗದಿರುವುದು ಅವನದೇ ಅವಿಶ್ವಾಸ. ಯೋಬನ ಗೆಳೆಯರು ಬೂದಿಯಲ್ಲಿ ಕೂತವನಿಗೆ 'ತಪ್ಪು ನಿನ್ನದೇ' ಎಂದು ಹೇಳಿದ್ದಕ್ಕೂ ಇದಕ್ಕೂ ಹೆಚ್ಚು ದೂರವಿಲ್ಲ.

ಈ ಟೀಕೆಯನ್ನು ಹಳೆಯ ಸಭೆಗಳವರ ಅಸೂಯೆಯೆಂದು ತಳ್ಳಿಹಾಕುವಂತಿಲ್ಲ. ಪೆಂಟೆಕೋಸ್ಟಲರದೇ ಆದ ಅಸೆಂಬ್ಲೀಸ್ ಆಫ್ ಗಾಡ್ 1980ರಲ್ಲೇ ಈ ಅರಿಕೆಯ ಬೋಧನೆಗೆ ಆಕ್ಷೇಪ ಎತ್ತಿತು. 2008 ಮತ್ತು 2009ರಲ್ಲಿ ಘಾನಾದ ಅಕ್ರೊಪಾಂಗ್‌ನಲ್ಲಿ ಸೇರಿದ ಲೌಸಾನ್ ಎಂಬ ಸುವಾರ್ತಾ ಚಳವಳಿಯ ಆಫ್ರಿಕನ್ ದೇವಜ್ಞಾನಿಗಳು ಸಮೃದ್ಧಿಯ ಬೋಧನೆಯನ್ನು ತಪ್ಪು ಬೋಧನೆಯೆಂದೇ ಕರೆದರು. ಜೊತೆಗೆ, ಕಡುಬಡವರಲ್ಲಿ ಹಲವರಿಗೆ ಉಳಿದಿರುವ ಭರವಸೆ ಇದೊಂದೇ ಎಂಬುದನ್ನೂ ಒಪ್ಪಿಕೊಂಡರು. ಆ ಒಪ್ಪಿಗೆಯೇ ನನಗೆ ಹೆಚ್ಚು ತೂಕದ್ದು.

ಈ ಬೋಧಕರು ಎತ್ತಿ ಹಿಡಿಯುವ ಇನ್ನೊಂದು ವಚನ. ಕ್ರಿಸ್ತನು ಬಡವನಾದದ್ದು ನಾವು ಐಶ್ವರ್ಯವಂತರಾಗಲೆಂದು, ಎರಡನೆಯ ಕೊರಿಂಥ 8ನೇ ಅಧ್ಯಾಯ. ಆ ಅಧ್ಯಾಯದ ಸಂದರ್ಭ ಯೆರೂಸಲೇಮಿನ ಬಡವರಿಗಾಗಿ ಚಂದಾ ಎತ್ತುವುದು. ಚಂದಾ ಎಂದಮೇಲೆ ಲೆಕ್ಕದ ಮಾತೂ ಬರುತ್ತದೆ. ಅಮೆರಿಕದ ಸೆನೆಟರ್ ಚಕ್ ಗ್ರಾಸ್ಲಿ 2007ರಲ್ಲಿ ಆರು ಟಿ.ವಿ. ಬೋಧಕರ ಸಂಸ್ಥೆಗಳಿಂದ ಲೆಕ್ಕ ಕೇಳಿದಾಗ ಪೂರ್ತಿ ಉತ್ತರ ಕೊಟ್ಟದ್ದು ಎರಡೇ. ಪೌಲನಾದರೋ ಹಣದ ಗಂಟಿನೊಂದಿಗೆ ತಾನೊಬ್ಬನೇ ಹೊರಡಲಿಲ್ಲ; ಯಾರೂ ಬೆರಳು ತೋರಿಸಬಾರದೆಂದು ಸಭೆಗಳು ಆರಿಸಿದವರನ್ನೂ ಜೊತೆಗಿಟ್ಟುಕೊಂಡ.